ಟಗರು ಕೇಳಿದ ಜಾಗ

ನಾಲ್ಕು ವಾರದ ಬಿಡಾರಕ್ಕೆ ಮೈತುಂಬ ಉಣ್ಣೆಯ ಬಿಸಿ. ಚರ್ಚಿನ ಗೋದಲಿಯಲ್ಲಿ, ಕ್ರಿಸ್ಮಸ್‌ಗೆಂದು ಕಟ್ಟಿದ ಬೊಂಬೆಗಳ ಕೊಟ್ಟಿಗೆಯಲ್ಲಿ, ಬೊಂಬೆ ಟಗರು ಮೇವಿನ ತೊಟ್ಟಿಯ ಮುಂದಿಟ್ಟ ವ್ಯಾಪಾರ ಇದು.

ಅಂದು ಕ್ರಿಸ್ಮಸ್‌ಗೆ ಕಾಯುವ ನಾಲ್ಕು ವಾರಗಳ ಆಗಮನ ಕಾಲದ ಮೊದಲ ಭಾನುವಾರ. ಬಾಲಯೇಸುವಿನ ಬೊಂಬೆಯನ್ನು ಕ್ರಿಸ್ಮಸ್ ಜಾಗರಣೆಯ ರಾತ್ರಿಯ ಪೂಜೆಯಲ್ಲೇ ತೊಟ್ಟಿಯಲ್ಲಿ ಮಲಗಿಸುವುದು ವಾಡಿಕೆ. ಅಲ್ಲಿಯವರೆಗೆ ತೊಟ್ಟಿ ಖಾಲಿ.

“ಖಾಲಿ ಕೂತು ಏನು ಸಂಪಾದಿಸ್ತೀಯ ಮಾರಾಯ? ಅವನು ಬಂದ ಕೂಡಲೇ ಎದ್ದು ಕೊಡ್ತೇನೆ,” ಎಂದಿತು ಟಗರು.

ಮಾಗಿಯ ಚಳಿಗೆ ಹಲಗೆಗಳು ಬಿರಿಯುತ್ತಿದ್ದ ತೊಟ್ಟಿಗೆ ಆಸೆಯೇನೋ ಆಯಿತು. ಆದರೂ ಹೇಳಿತು, “ನೀನು ಏಳ್ತೀಯ ಟಗರಪ್ಪ, ಅದರಲ್ಲಿ ಅನುಮಾನವಿಲ್ಲ. ಬೆಚ್ಚಗಾದ ಮೇಲೆ ನಾನು ಅವನ ದಾರಿ ನೋಡ್ತೇನೆ ಅನ್ನೋದೇ ಅನುಮಾನ.”

ತೊಟ್ಟಿ ದಿನವೂ ಬಾಗಿಲು ನೋಡುವುದನ್ನು ಕಂಡು ಕಂಡು, ನಾಲ್ಕನೆಯ ವಾರಕ್ಕೆ ಟಗರೂ ಅತ್ತಲೇ ಮುಖಮಾಡಿ ನಿಂತಿತು.

ಜಾಗರಣೆಯಂದು ಪಾದ್ರಿ ಬಾಗಿದರು. ತೊಟ್ಟಿ ತೆತ್ತದ್ದು ನಾಲ್ಕು ವಾರದ ಚಳಿ, ಪಡೆದದ್ದು ಗೇಣುದ್ದದ ಒಂದು ಕೂಸು.