ಟಿಟ್ಟಿಭದ ಮರಿಗಳ ಮೇಲಿನ ಬುಟ್ಟಿ

ಪರಮಪೂಜ್ಯ ಶಾಂತವ್ವ ತಾಯಿಯವರು ಬೇಸಿಗೆಯ ಮೂರು ತಿಂಗಳು ಕೃಷ್ಣೆಯ ಮಳಲಿನಲ್ಲಿ, ಕಲ್ಲಂಗಡಿ ಬಳ್ಳಿಗಳ ನಡುವಿನ ಹುಲ್ಲುಚಪ್ಪರದಲ್ಲಿ ಇರುತ್ತಿದ್ದರು. ಆ ವರ್ಷ ಅವರು ನೀರಿಗೆ ಹೋಗುವ ದಾರಿಯಲ್ಲೇ ಟಿಟ್ಟಿಭವೊಂದು ನಾಲ್ಕು ಮೊಟ್ಟೆ ಇಟ್ಟಿತ್ತು. ಟಿಟ್ಟಿಭವೆಂದರೆ ನೀರಂಚಿನ ಗೊರವ ಹಕ್ಕಿಗಳ ನೆಂಟ. ಗೂಡು ಕಟ್ಟುವ ಗೋಜಿಗೇ ಹೋಗದೆ ಬರಿನೆಲದಲ್ಲಿ ಮೊಟ್ಟೆ ಇಡುವ ಹಕ್ಕಿ. ನಮ್ಮಂಥವರಾದರೆ ತುಳಿದುಕೊಂಡೇ ಹೋಗುತ್ತಿದ್ದೆವೇನೊ. ತಾಯಿಯವರು ಕೊಡ ಹೊತ್ತು ಸುತ್ತುಬಳಸಿನ ದಾರಿ ಹಿಡಿದರು.

ಮರಿಗಳು ಹೊರಬಂದ ದಿನವೇ ಅಂಬಿಗರ ಭರಮಪ್ಪ ತಾಯಿತ ಬೇಡಲು ಬಂದನು. ಹಿಂದಿನ ಮಳೆಗಾಲದಲ್ಲಿ ಹೊಳೆ ಅವನ ಹಿರಿಯ ಮಗಳನ್ನು ಒಯ್ದಿತ್ತು. ಅಂದಿನಿಂದ ಒಂಬತ್ತು ವರ್ಷದ ಕಿರಿಯವಳು ತಂಗೆವ್ವನನ್ನು ಅವನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಹುಡುಗಿ ಊಟ ಬಿಟ್ಟು ಸೊರಗುತ್ತಿದ್ದಳು.

"ಯವ್ವಾ, ಹೊಳಿ ಆಕಿನ್ನ ಮುಟ್ಟಬಾರದು. ಅಂಥಾ ತಾಯಿತ ಕಟ್ರಿ," ಎಂದು ಪಾದ ಹಿಡಿದನು.

ತಾಯಿಯವರು ಉತ್ತರಿಸುವ ಮೊದಲೇ ಮೇಲೆ ಹದ್ದೊಂದು ಸುಳಿಯಿತು. ಭರಮಪ್ಪ ತಟ್ಟನೆ ಎದ್ದನು. ಮನೆಯ ಕೋಳಿಮರಿಗಳಿಗೆ ಮಾಡುವ ಹಾಗೆ, ಚಪ್ಪರದಲ್ಲಿದ್ದ ಬುಟ್ಟಿಯನ್ನು ತಂದು ನಾಲ್ಕೂ ಮರಿಗಳ ಮೇಲೆ ಕವುಚಿ, ಒಳಗೆ ಜೋಳದ ನುಚ್ಚು ಚೆಲ್ಲಿದನು. ತನ್ನ ಪುಣ್ಯಕಾರ್ಯಕ್ಕೆ ತಾನೇ ಹಿಗ್ಗಿದನು ಕೂಡ. ಹದ್ದು ಹೋಯಿತು. ಎಷ್ಟು ಹೊತ್ತಾದರೂ ಮರಿಗಳು ಒಂದು ಕಾಳನ್ನೂ ಮುಟ್ಟಲಿಲ್ಲ. ತಾಯಿಹಕ್ಕಿ ಬುಟ್ಟಿಯ ಸುತ್ತ ಕೂಗಿ ಕೂಗಿ ಸೋತಿತ್ತು.

"ಭರಮಪ್ಪ, ಈ ಹಕ್ಕಿ ಗುಟುಕು ಕೊಡೂದಿಲ್ಲ. ಮರಿನ ನಡದು ಹುಳ ಹೆಕ್ಕಬೇಕು. ಬುಟ್ಟಿ ತಗಿ," ಎಂದರು ತಾಯಿಯವರು.

"ಹದ್ದು ಮತ್ತ ಬಂದ್ರ?"

"ಬರತೈತಿ. ಅಡಗೂದನ್ನ ಅವ್ವ ಕಲಸ್ತಾಳ."

ಅವನು ಬುಟ್ಟಿ ಎತ್ತಿದನು. ಬೆಳಿಗ್ಗೆಯಷ್ಟೇ ಹುಟ್ಟಿದ ಮರಿಗಳು ಕಡ್ಡಿಗಾಲುಗಳಲ್ಲಿ ನೀರಂಚಿಗೆ ಓಡಿ ಹುಳ ಹೆಕ್ಕತೊಡಗಿದವು. ಹದ್ದು ಮತ್ತೆ ಬಂದೇ ಬಂತು. ತಾಯಿಹಕ್ಕಿ ಒಮ್ಮೆ ಕೂಗಿದ್ದೇ ತಡ, ನಾಲ್ಕೂ ಮಳಲಿಗೆ ಒತ್ತಿಕೊಂಡು ಮಲಗಿಬಿಟ್ಟವು. ಹತ್ತಿರದಲ್ಲೇ ನಿಂತಿದ್ದ ಭರಮಪ್ಪನ ಕಣ್ಣಿಗೂ ಒಂದೂ ಕಾಣಲಿಲ್ಲ. ಹದ್ದು ಬಂದ ಹಾಗೆಯೇ ಹೋಯಿತು.

ಭರಮಪ್ಪ ಕುಸಿದು ಕುಳಿತು ಅತ್ತನು.

"ಊರಿಗೆಲ್ಲಾ ಹೊಳಿ ದಾಟಸ್ತೀನಿ. ಹೆಣ್ಣುಹುಡುಗ್ಯಾರಿಗ್ಯಾಕ ಈಜು ಅಂತ ನನ್ನ ಮಕ್ಕಳಿಗೆ ಕಲಸಲಿಲ್ಲ ಯವ್ವಾ," ಎಂದನು.

ತಾಯಿತದ ಮಾತನ್ನು ಆಮೇಲೆ ಅವನೂ ಎತ್ತಲಿಲ್ಲ, ತಾಯಿಯವರೂ ಎತ್ತಲಿಲ್ಲ.

ಮರುದಿನ ಮುಂಜಾನೆ ತಂಗೆವ್ವನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನಡುಮಟ್ಟದ ನೀರಿಗೆ ಇಳಿಸಿದನು. ಅವಳ ಹೊಟ್ಟೆಯಡಿ ಅವನ ಕೈ ಇತ್ತು. ಎಂಟನೆಯ ದಿನ ಬುರುಡೆ ಬಿಚ್ಚಿದನು. ಇನ್ನೆರಡು ದಿನ ಕಳೆದ ಮೇಲೆ ಅವನು ಮೆಲ್ಲಗೆ ಕೈಯನ್ನೂ ತೆಗೆದನು. ಈಜುವ ಹುರುಪಿನಲ್ಲಿದ್ದ ಮಗಳಿಗೆ ಅದು ತಿಳಿಯಲೇ ಇಲ್ಲ. ದಡದಲ್ಲಿದ್ದ ತಾಯಿಯವರು ಅದನ್ನು ಕಂಡು, ಎದ್ದು ನಿಂತು ಆ ಅಂಬಿಗನಿಗೆ ಕೈಮುಗಿದರು.