ಮಾಲೋಜಿ ತಂದ ಕುದುರೆ ಪಡೆಯ ಬಿಲ್ಲೆ

ಹೂಂಗುಟ್ಟುವವರು ಹೂಂಗುಟ್ಟಿ, ನಗುವವರು ಸ್ವಲ್ಪ ತಡೆದು ನಗಿ. ಅರಸರ ಕುದುರೆ ಪಡೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆ ಪಡೆಯ ಸವಾರನೊಬ್ಬನ ಮಗಳು ತುಳಜಮ್ಮ. ಅವಳಿಗೆ ಎರಡು ತಲೆನೋವು. ಒಂದು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮೀಸೆ ಹೊತ್ತ ಮಗ ಮಾಲೋಜಿ. ಇನ್ನೊಂದು, ಪಡೆಯ ಹಳೇ ಬಿಲ್ಲೆ, ಬಾವುಟ ಕೂಡಿಹಾಕುವ ಗೀಳು. ಆಯುಧಪೂಜೆಗೆ ಅವನ್ನೆಲ್ಲ ತಟ್ಟೆಯಲ್ಲಿಟ್ಟು ಆರತಿ ಎತ್ತುತ್ತಿದ್ದಳು.

"ಕುದುರೆ ಇಲ್ಲ, ಲಾಯ ಇಲ್ಲ, ಬಿಲ್ಲೆ ಬೇಕಂತೆ ಬಿಲ್ಲೆ! ನನ್ನಂಥ ಹುಚ್ಚಿ ಎಲ್ಲಿದ್ದಾಳು?" ಎಂದು ತಾನೇ ನಗುತ್ತಿದ್ದಳು. ಆದರೆ ಆ ತಟ್ಟೆಯಲ್ಲಿ ಅವಳ ಅಪ್ಪನ ಬಿಲ್ಲೆಯೇ ಇರಲಿಲ್ಲ. ಈ ವರ್ಷವಾದರೂ ಅದಕ್ಕೊಂದು ಕುಂಕುಮ ಇಡಬೇಕು ಅನ್ನುವುದೇ ಅವಳ ಆಸೆ. ಮಂಡಿನೋವು ಬೇರೆ, ಓಡಾಟಕ್ಕೆ ಮಾಲೋಜಿಯೇ ಗತಿ.

ಮೊದಲು ಒಂದು ಮನೆಯಿಂದ ಹಿತ್ತಾಳೆ ಬಿಲ್ಲೆ ತರಲು ಹೋದ. ಬರಿಗೈಲಿ ಬಂದ.

"ಬಿಲ್ಲೆ ಎಲ್ಲೋ?"

"ನಾಯಿ ಅಟ್ಟಿಸ್ಕೊಂಡು ಬಂತವ್ವ. ಕೈಲಿದ್ದದ್ದು ಅದೊಂದೇ, ಎಸೆದೆ!"

"ನಾಯಿಗೆ ತಗುಲ್ತಾ?"

"ಇಲ್ಲ, ಬಾವಿಗೆ ಬಿತ್ತು!"

"ಅಯ್ಯೋ ಪೆದ್ದಾ! ಎದೆ ಮೇಲೆ ಪಿನ್ನು ಚುಚ್ಚಿ ಹಾಕ್ಕೊಂಡು ಬರಬಾರ್ದಾ?"

"ಹಾಗೇ ಆಗ್ಲವ್ವ!"

ಎರಡನೇ ಸಲ ಇನ್ನೊಂದು ಮನೆಯವರು ಕೊಟ್ಟದ್ದು ಪಡೆಯ ರೇಷ್ಮೆ ಬಾವುಟ. ಮುಟ್ಟಿದರೆ ಪುಡಿಯಾಗುವಷ್ಟು ಹಳೇದು. ಮಾಲೋಜಿ ಎದೆ ಮೇಲೆ ಹರಡಿದ, ಹನ್ನೆರಡು ಪಿನ್ನು ಚುಚ್ಚಿದ, ಎದೆ ಸೆಟೆದು ಬಂದ. ಮನೆ ಮುಟ್ಟುವಾಗ ಪಿನ್ನು ಹನ್ನೆರಡೂ ಇದ್ದವು, ಬಾವುಟ ಇರಲಿಲ್ಲ.

"ನಿನ್ ಬುದ್ಧಿಗಿಷ್ಟು! ಹಳೇದನ್ನ ಮೆತ್ತಗೆ ಬಟ್ಟೇಲಿ ಸುತ್ತಿ, ಹುಳ ಹಿಡೀದ ಹಾಗೆ ಬೇವಿನ ಸೊಪ್ಪು ಹಾಕಿ, ಟ್ರಂಕಲ್ಲಿಟ್ಟು ತರಬೇಕು!"

"ಹಾಗೇ ಆಗ್ಲವ್ವ!"

ಹಬ್ಬಕ್ಕೆ ಎರಡೇ ದಿನ. ಆ ಪಡೆಯವರಲ್ಲಿ ಬದುಕುಳಿದಿದ್ದ ಒಬ್ಬನೇ ಮುದುಕ, ದಫೇದಾರ್ ಮೀರಾ ಸಾಬರು. ಅಪ್ಪನ ಬಿಲ್ಲೆಯ ಸುದ್ದಿ ಅವರಿಗೇ ಗೊತ್ತು. "ಕರ್ಕೊಂಡು ಬಾ" ಎಂದಳು. ಮಾಲೋಜಿ ನೋಡಿದ. ತೊಂಬತ್ತರ ಮುದುಕ. ಹಳೇದೇ ಸರಿ! ದುಪ್ಪಟಿಯಲ್ಲಿ ಸುತ್ತಿದ, ಬೇವಿನ ಸೊಪ್ಪು ತುರುಕಿದ, ಟ್ರಂಕಿನಲ್ಲಿ ಕೂರಿಸಿದ, ತಳ್ಳುಗಾಡಿಯಲ್ಲಿ ತಳ್ಳಿಕೊಂಡು ಬಂದ. ಮುಚ್ಚಳ ಹಾಕಲು ಸಾಬರ ರುಮಾಲು ಅಡ್ಡ ಬಂತು, ಅವರ ಪುಣ್ಯ!

"ಎರಡು ಯುದ್ಧ ನೋಡಿದೀನಮ್ಮಾ, ಇಂಥಾದ್ದು ನೋಡಿರ್ಲಿಲ್ಲ!" ಸಾಬರು ಸೀನುತ್ತಲೇ ಹೇಳಿದರು. "ನಿಮ್ಮಪ್ಪನ ಬಿಲ್ಲೆ ಕೆರೆ ಏರಿ ಹತ್ರ ಜಟಕಾದವರ ಮನೇಲಿದೆ. ಅವರ ಮುದಿ ಕುದುರೆಯ ಹಣೆ ಮೇಲೆ ಕಟ್ಟವ್ರೆ. ಪೂಜೆಗೆ ಕೇಳಿದ್ರೆ ಕುದುರೆ ಸಮೇತ ಕಳಿಸ್ತಾರೆ."

ತುಳಜಮ್ಮನ ಕಣ್ಣು ತುಂಬಿತು. ಮಗನ ಕಡೆ ತಿರುಗಿದಾಗ ಮಾತ್ರ ಕೆಂಪಾಯಿತು. "ಹಿರೀಕರನ್ನ ಹೀಗಾ ತರೋದು? ಹಾರ ಹಾಕಿ, ಕೈ ಮುಗಿದು, ಅವರನ್ನ ಮುಂದೆ ಬಿಟ್ಟು ನಾವು ಹಿಂದೆ ನಡೀಬೇಕು ಕಣೋ!"

"ಹಾಗೇ ಆಗ್ಲವ್ವ!"

ಹಬ್ಬದ ದಿನ. ಕುದುರೆ ತರಲು ಮಾಲೋಜಿ ಬೆಳಗ್ಗೆಯೇ ಹೋಗಿದ್ದ. ಆರತಿ ತಟ್ಟೆ ಹಿಡಿದು ತುಳಜಮ್ಮ ಬಾಗಿಲಲ್ಲಿ ನಿಂತಳು, ಪಕ್ಕದಲ್ಲಿ ಸಾಬರು. ಬಂತು, ಕುದುರೆ ಬಂತು! ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆಯ ಮೇಲೆ ಅಪ್ಪನ ಬಿಲ್ಲೆ. ಹತ್ತು ಹೆಜ್ಜೆ ಹಿಂದೆ ಕೈ ಮುಗಿದುಕೊಂಡು ಮಾಲೋಜಿ. ಕುದುರೆ ಬಂತು, ಮನೆಯನ್ನು ದಾಟಿತು, ಹೋಗುತ್ತಲೇ ಇತ್ತು.

"ನಿಲ್ಲಿಸೋ!"

"ಹಿರೀಕರನ್ನ ತಡೆಯೋದಾ ಅವ್ವಾ? ಬೆಳಗಿಂದ ಊರು ಮೂರು ಸುತ್ತಾಯ್ತು!"

"ಬಿಲ್ಲೆಯಾದ್ರೂ ಬಿಚ್ಚೋ!"

"ಹಿರೀಕರ ಮೈಮೇಲೆ ಕೈ ಹಾಕೋದಾ?"

ತುಳಜಮ್ಮ ಮಂಡಿನೋವು ಮರೆತು ತಟ್ಟೆ ಹಿಡಿದು ಓಡಿದಳು. ಅಪ್ಪನ ಬಿಲ್ಲೆ ಇನ್ನೇನು ಕೈಗೆಟುಕಬೇಕು, ಮಾಲೋಜಿ ಸೆರಗು ಹಿಡಿದೆಳೆದ. "ಅವ್ವಾ! ಮುಂದೆ ಹೋಗ್ಬಾರ್ದು, ಹಿಂದೆ ನಡೀಬೇಕು! ನೀನೇ ಹೇಳ್ಕೊಟ್ಟು ನೀನೇ ತಪ್ತೀಯಲ್ಲಾ?"

ತುಳಜಮ್ಮ ಅಳಲು ಬಾಯಿ ತೆರೆದಳು, ನಗು ಬಂತು. "ಹೌದಪ್ಪಾ, ಹೇಳ್ಕೊಟ್ಟೋಳು ನಾನೇ ಅಲ್ವಾ! ಪೆದ್ದ ಎಲ್ಲಿಂದ ಹುಟ್ಟಿದ ಅಂತ ಇವತ್ತು ಗೊತ್ತಾಯ್ತು!" ಎಂದು ಸೆರಗು ಸರಿಮಾಡಿಕೊಂಡು ಮಗನ ಹಿಂದೆ ಸಾಲಿನಲ್ಲಿ ನಿಂತಳು. ಅವಳ ಹಿಂದೆ ದಫೇದಾರ್ ಸಾಬರು ರುಮಾಲು ಬಿಗಿದು ನಿಂತರು. ನಾಲ್ಕನೇ ಸುತ್ತು ಶುರುವಾಯಿತು.