ಮೆಟ್ಟಿಲುಗಲ್ಲಿನ ಅಂಕಿ

ತುಂಗಭದ್ರೆಯ ದಡದಲ್ಲಿ ಒಂದು ಹಳೆಯ ಮಠ. ಅದರ ಜಗುಲಿಯಲ್ಲೇ ಕೊಟ್ರಯ್ಯನವರ ಪಾಠ, ಊಟ, ನಿದ್ದೆ. ನೆಲ ಅಗೆಯದೆ ಅದರೊಳಗಿನ ಬಂಡೆಯ ನಕ್ಷೆ ಬರೆಯುವ ವಿದ್ಯೆ ಅವರದು.

ಬಂಡೆಯ ಅಯಸ್ಕಾಂತ ಗುಣ ಅಳೆಯಲು ಹೊರಟರೆ ಉಡಿದಾರದ ಬೀಗದ ಕೈ ಬಿಚ್ಚಿಡುವರು. ಕಬ್ಬಿಣದ ಚೌಕಟ್ಟಿನ ಕನ್ನಡಕವನ್ನೂ ತೆಗೆದಿಡುವರು. ಕಣ್ಣು ಮಂಜಾದರೂ ಸರಿ, ತಮ್ಮ ಮೈಮೇಲಿನ ಕಬ್ಬಿಣ ಬಂಡೆಯ ಲೆಕ್ಕಕ್ಕೆ ಸೇರಬಾರದು. ಅಂಥವರು ಗುರುವಾಗಿ ಸಿಕ್ಕಿದ್ದು ಪಂಪಾಪತಿಯ ಪುಣ್ಯ.

ಆ ವರ್ಷ ಹೊಳೆಗೆ ಸೇತುವೆ ಕಟ್ಟುವುದಿತ್ತು. ದಡದ ಕಂಬ ಎಲ್ಲಿ ನಿಲ್ಲಬೇಕೆಂದು ಗುರುಗಳೇ ಹೇಳಬೇಕು. ಗಟ್ಟಿ ಬಂಡೆಯ ಮೇಲೆ ಭೂಮಿಯ ಸೆಳೆತ ತುಸು ಹೆಚ್ಚು, ಬಿರುಕು ಬಿಟ್ಟ ಸಡಿಲ ಕಲ್ಲಿನ ಮೇಲೆ ತುಸು ಕಡಿಮೆ. ಆ ತುಸುವನ್ನು ಅಳೆಯುವ ಯಂತ್ರ ಕೊಟ್ಟು, ಪಂಪಾಪತಿಯನ್ನು ಮೊದಲ ಸಲ ಒಬ್ಬನನ್ನೇ ಕಳಿಸಿದರು.

"ಮೊದಲು ಮಠದ ಮೆಟ್ಟಿಲುಗಲ್ಲಿನ ಮೇಲೆ ಅಳತೆ ತಗೋ. ಆಮೇಲೆ ದಡದ ಉದ್ದಕ್ಕೂ ಅಳೆಯುತ್ತ ಹೋಗು. ಎರಡು ತಾಸಿಗೊಮ್ಮೆ ತಿರುಗಿ ಬಂದು ಈ ಕಲ್ಲಿನ ಮೇಲೇ ಮತ್ತೆ ತಗೋ" ಎಂದರು.

ಸಂಜೆ ಅವನು ಪುಸ್ತಕ ತಂದು ಮುಂದಿಟ್ಟ.

"ಎಲ್ಲಾ ಕಡೆ ಗಟ್ಟಿ ಬಂಡೆ, ಗುರುಗಳೇ. ಕಂಬ ಎಲ್ಲಿ ಬೇಕಾದರೂ ನಿಲ್ಲಿಸಬಹುದು."

ಗುರುಗಳು ಪುಟ ತಿರುವಿದರು.

"ಮೆಟ್ಟಿಲುಗಲ್ಲಿಗೆ ಎಷ್ಟು ಸಲ ಬಂದೆ?"

"ನಾಲ್ಕು ಸಲ. ನಾಲ್ಕು ಸಲವೂ ಒಂದೇ ಅಂಕಿ."

"ನಲವತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಹಾಗೆ ಬಂದಿಲ್ಲ. ಯಂತ್ರಕ್ಕೆ ನನಗಿಂತ ನೀನೇ ಇಷ್ಟ ಅಂತ ಕಾಣುತ್ತೆ."

ಪಂಪಾಪತಿ ತಲೆ ತಗ್ಗಿಸಿದ.

"ಬೆಳಿಗ್ಗೆ ಒಂದೇ ಸಲ ಅಳೆದೆ. ಬಿಸಿಲು ಜೋರಿತ್ತು. ಕಲ್ಲು ಎಲ್ಲಿಗೆ ಹೋಗುತ್ತೆ ಅಂತ ಉಳಿದ ಮೂರು ಸಲಕ್ಕೂ ಅದನ್ನೇ ಬರೆದೆ."

"ಕಲ್ಲು ಎಲ್ಲಿಗೂ ಹೋಗಲ್ಲ. ಯಂತ್ರದೊಳಗಿನ ಸ್ಪ್ರಿಂಗ್ ಹೊತ್ತು ಏರಿದ ಹಾಗೆ ಹಿಗ್ಗುತ್ತೆ, ಸೆಳೆತ ಹೆಚ್ಚಿದ ಹಾಗೆ ಅಂಕಿ ಸುಳ್ಳೇ ಏರುತ್ತೆ. ಎಷ್ಟು ಹಿಗ್ಗಿತು ಅಂತ ನಮಗೆ ಹೇಳೋದು ಆ ಕಲ್ಲೊಂದೇ."

ಗದರಲಿಲ್ಲ. ಪುಸ್ತಕ ಮುಚ್ಚಿ ಎದ್ದರು.

ಮರುದಿನ ಸೇತುವೆಯ ಎಂಜಿನಿಯರ್ ಬಂದರು. ಕಂಬಕ್ಕೆಂದು ತಾವು ಅಂದುಕೊಂಡ ಜಾಗದಲ್ಲಿ ಅವರು ಆಗಲೇ ಕೆಂಪು ಬಾವುಟ ನೆಟ್ಟಿದ್ದರು.

"ನನ್ನ ಅಳತೆ ತಪ್ಪಿದೆ. ಇನ್ನೆರಡು ದಿನ ಕೊಡಿ" ಎಂದರು ಗುರುಗಳು.

ನಲವತ್ತು ವರ್ಷ ಕಾಪಾಡಿಕೊಂಡ ಹೆಸರು ಅವರದು. ಆ ಮಾತು ಕೇಳಿ ಪಂಪಾಪತಿಗೆ ನಿಂತ ನೆಲ ಕುಸಿದಂತಾಯಿತು.

ಎರಡು ದಿನ ಗುರುಗಳೇ ಯಂತ್ರ ಹೊತ್ತರು. ಎಪ್ಪತ್ತು ದಾಟಿದ ಕಾಲು, ಎರಡು ತಾಸಿಗೊಮ್ಮೆ ತಪ್ಪದೆ ಮಠಕ್ಕೆ ಬಂದು ಹೋಯಿತು. ಪಂಪಾಪತಿ ಹಿಂದೆ ನಡೆಯುತ್ತ ಅಂಕಿ ಬರೆದುಕೊಂಡ. ಪ್ರತಿ ಸಲವೂ ಮೆಟ್ಟಿಲುಗಲ್ಲಿನ ಅಂಕಿ ಒಂದಿಷ್ಟು ಏರಿತ್ತು.

ಏರಿದ್ದನ್ನು ಕಳೆದು ನಕ್ಷೆ ಬರೆದಾಗ, ಬಾವುಟದ ಕೆಳಗೇ ಸೆಳೆತ ಇಳಿದುಹೋಗಿತ್ತು. ಅಲ್ಲಿ ಮೂವತ್ತು ಹೆಜ್ಜೆ ಅಗಲಕ್ಕೆ ಒಡೆದ ಕಲ್ಲು, ಸಡಿಲ ಮಣ್ಣು. ಎಂಜಿನಿಯರ್ ಬಾವುಟ ಕಿತ್ತು ಬೇರೆಡೆ ನೆಟ್ಟರು.

ಅವರು ಹೋದ ಮೇಲೆ ಶಿಷ್ಯ ಗುರುಗಳ ಕಾಲು ಹಿಡಿದ.

"ಅಲ್ಲೇ ಕಂಬ ನಿಂತಿದ್ದರೆ ಎಷ್ಟು ಜನ ಹೊಳೆಪಾಲಾಗುತ್ತಿದ್ದರೋ. ತಪ್ಪು ನನ್ನದು. ನಿಮ್ಮದು ಅಂತ ಯಾಕೆ ಹೇಳಿದಿರಿ?"

"ಕಳಿಸಿದ್ದು ನಾನು."

ಪಂಪಾಪತಿ ಕಣ್ಣೊರೆಸಿಕೊಂಡ. ಆಮೇಲೆ ಕೇಳಿದ.

"ಸ್ಪ್ರಿಂಗ್ ಹಿಗ್ಗಿದರೆ ಕಲ್ಲು ಹೇಳುತ್ತೆ. ತಾನು ತಪ್ಪುತ್ತಿದ್ದೇನೆ ಅಂತ ಮನುಷ್ಯನಿಗೆ ಹೇಗೆ ಗೊತ್ತಾಗುತ್ತೆ, ಗುರುಗಳೇ?"

ಗುರುಗಳು ಯಂತ್ರವನ್ನು ಎತ್ತಿ ಅವನ ಕೈಗೇ ಕೊಟ್ಟರು.

"ಹೊರಟ ಜಾಗಕ್ಕೆ ತಿರುಗಿ ಹೋಗೋಕೆ ಬೇಸರ ಆದಾಗ, ಅಪ್ಪಾ."